ಕಿಮೊ ಬೇಕಾ, ಬೇಡವಾ? ಹ್ಞೂಂ ಅನ್ನೋ ಮೊದಲು ಮನೆಯವರು ಕೂತು ತೂಗಬೇಕಾದ್ದು

ದೊಡ್ಡಮ್ಮನಿಗೆ ಕ್ಯಾನ್ಸರ್ ಅಂತ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ) ರಿಪೋರ್ಟ್ ಬಂದ ಸಂಜೆ ಅರಸೀಕೆರೆಯ ಮನೆ ಜಗಲಿಯಲ್ಲಿ ಹನ್ನೊಂದು ಜನ ಸೇರಿದ್ದೆವು. "ಕಿಮೊ ಕೊಟ್ರೆ ಇರೋ ಜೀವಾನೂ ಹೋಗುತ್ತೆ" ಅಂತ ಒಬ್ಬರು. "ಬರೀ ಲಕ್ಷ್ಮಣಫಲ ತಿಂದು ಗುಣ ಆದವರಿದ್ದಾರೆ" ಅಂತ ಇನ್ನೊಬ್ಬರು. "ಡಾಕ್ಟ್ರು ಹೇಳಿದ್ಮೇಲೆ ಮುಗೀತು, ನಾಳೆನೇ ಶುರು ಮಾಡಿಸಿ" ಅಂತ ಮತ್ತೊಬ್ಬರು. ದೊಡ್ಡಮ್ಮ ಒಳಗೆ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ಕೊನೆಗೆ ಅವರೇ ಬಾಗಿಲಿಗೆ ಬಂದು, "ನನ್ ಮೈ ಕಣ್ರೋ ಇದು, ನನ್ನೂ ಒಂದ್ ಮಾತು ಕೇಳಿ" ಅಂದರು.

ಅದಾಗಿ ಎರಡು ವರ್ಷಕ್ಕೆ ನಮ್ಮ ಸೋದರಮಾವನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಇಬ್ಬರ ಜೊತೆಗೂ ಆಸ್ಪತ್ರೆಗೆ ಓಡಾಡಿದವಳು ನಾನೇ. ದೊಡ್ಡಮ್ಮನಿಗೆ ಕಿಮೊ ಕೊಡಿಸಿದ್ದಕ್ಕೆ ಇವತ್ತಿಗೂ ಸಮಾಧಾನ ಇದೆ. ಮಾವನಿಗೆ ಕೊನೆಯಲ್ಲಿ, ಔಷಧಿ ಬದಲಿಸಿ ಮೂರನೇ ಸಲ ಕೊಡಿಸಿದ ಕಿಮೊ ಬಗ್ಗೆ ಇವತ್ತಿಗೂ ಸಂಕಟ ಇದೆ. ಅದೇ ಕುರ್ಚಿ, ಅದೇ ಡ್ರಿಪ್ ಸ್ಟ್ಯಾಂಡ್. ಕೊಡುತ್ತಿದ್ದ ಕಾರಣ ಮಾತ್ರ ಬೇರೆ. ಆ ಕಾರಣ ಏನು ಅಂತ ಒಬ್ಬರ ವಿಷಯದಲ್ಲಿ ಕೇಳಿ ತಿಳಿದುಕೊಂಡಿದ್ದೆವು, ಇನ್ನೊಬ್ಬರ ವಿಷಯದಲ್ಲಿ ಕೇಳಲೇ ಇಲ್ಲ.

ನಾನು ಡಾಕ್ಟರ್ ಅಲ್ಲ. ನಿಮ್ಮವರಿಗೆ ಕಿಮೊ ಬೇಕೋ ಬೇಡವೋ ಅಂತ ಈ ಲೇಖನ ಹೇಳುವುದಿಲ್ಲ. ಡಾಕ್ಟರ ಮುಂದೆ ಏನು ಕೇಳಬೇಕು, ಮನೆಗೆ ಬಂದು ಅದನ್ನು ಹೇಗೆ ತೂಗಬೇಕು ಅನ್ನೋದನ್ನು ಹೇಳುತ್ತದೆ.

ಮೊದಲು: ಇದು ಯಾತಕ್ಕೆ ಅಂತ ಕೇಳಿ

"ಕಿಮೊ ಕೊಡಬೇಕು" ಅಂತ ಡಾಕ್ಟರ್ ಅಂದ ತಕ್ಷಣ ಎಷ್ಟು ಸೈಕಲ್ (ಎಷ್ಟು ಸುತ್ತು), ಎಷ್ಟು ಖರ್ಚು ಅಂತ ನಾವು ಕೇಳಿಬಿಡುತ್ತೇವೆ. ಅದಕ್ಕೂ ಮೊದಲಿನ ಪ್ರಶ್ನೆ ಒಂದಿದೆ. "ಸಾರ್, ಇದು ರೋಗ ಪೂರ್ತಿ ಗುಣ ಮಾಡೋಕಾ, ವಾಪಸ್ ಬರದ ಹಾಗೆ ತಡೆಯೋಕಾ, ಇಲ್ಲಾ ಸ್ವಲ್ಪ ದಿನ ಹಿಡಿದಿಡೋಕಾ?"

ಗುಣ ಮಾಡುವ ಕಿಮೊ ನಿಜವಾಗಿ ಇದೆ. ವೃಷಣದ ಕ್ಯಾನ್ಸರ್ ಬೇರೆ ಕಡೆ ಹರಡಿದ್ದರೂ ಸಿಸ್‌ಪ್ಲಾಟಿನ್ ಅನ್ನುವ ಔಷಧಿ ಇರುವ ಕಿಮೊದಿಂದ ಬಹಳಷ್ಟು ಜನ ಪೂರ್ತಿ ಗುಣವಾಗುತ್ತಾರೆ. ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಒಂದು ಕ್ಯಾನ್ಸರ್), ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರ್‌ನಲ್ಲೂ ಹಾಗೇ. ಇಂಥ ಕಡೆ ತಕ್ಕಡಿ ಒಂದೇ ಕಡೆ ವಾಲುತ್ತದೆ. ಚಿಕಿತ್ಸೆಯ ಕಷ್ಟಕ್ಕೆ ಹೆದರಿ ಬಿಟ್ಟರೆ ಕಳೆದುಕೊಳ್ಳುವುದು ಇಡೀ ಆಯಸ್ಸು.

ಎರಡನೆಯದು, ಆಪರೇಷನ್ ಜೊತೆಗೆ ಕೊಡುವ ಕಿಮೊ. ಗಡ್ಡೆ ಕುಗ್ಗಿಸಲು ಆಪರೇಷನ್‌ಗೆ ಮುಂಚೆ ಕೊಡಬಹುದು. ಕಣ್ಣಿಗೆ, ಸ್ಕ್ಯಾನ್‌ಗೆ ಕಾಣದೆ ಉಳಿದಿರಬಹುದಾದ ಕಣಗಳನ್ನು ಕೊಲ್ಲಲು ಆಮೇಲೂ ಕೊಡಬಹುದು. ದೊಡ್ಡಮ್ಮನದು ಈ ಎರಡನೇ ಗುಂಪು. ಇಲ್ಲಿ ಲೆಕ್ಕ ಸ್ವಲ್ಪ ಸೂಕ್ಷ್ಮ, ಮುಂದೆ ಹೇಳುತ್ತೇನೆ.

ಮೂರನೆಯದು, ರೋಗ ದೂರದ ಅಂಗಗಳಿಗೆ ಹರಡಿದ ಮೇಲೆ ಕೊಡುವುದು. ಹೆಚ್ಚಿನ ಗಡ್ಡೆ ಕ್ಯಾನ್ಸರ್‌ಗಳಲ್ಲಿ ಈ ಹಂತದ ಕಿಮೊ ಪೂರ್ತಿ ಗುಣ ಮಾಡುವುದಿಲ್ಲ. ದಿನಗಳನ್ನು ಮುಂದಕ್ಕೆ ಹಾಕಬಹುದು, ಉಬ್ಬಸ, ನೋವು, ಕೆಮ್ಮು ತಗ್ಗಿಸಬಹುದು. ಅದೇನು ಸಣ್ಣ ವಿಷಯ ಅಲ್ಲ. ಮೊದಲ ಸಲ ಕೊಟ್ಟ ಔಷಧಿಯ ಕಿಮೊ ಆದ ಮೇಲೆ ಮಾವ ಐದು ತಿಂಗಳು ರಾತ್ರಿ ಮಲಗಿ ನಿದ್ದೆ ಮಾಡಿದರು, ಬಸ್ಸಲ್ಲಿ ಹೋಗಿ ಮೊಮ್ಮಗಳ ನಾಮಕರಣ ಮುಗಿಸಿಕೊಂಡು ಬಂದರು. ಆದರೆ ಇದು ಗುಣ ಮಾಡುವ ಕಿಮೊ ಅಲ್ಲ ಅನ್ನೋದು ನಮಗೆ ತಿಳಿದಿರಬೇಕಿತ್ತು. ನಮಗೊಬ್ಬರಿಗೇ ಆದ ತಪ್ಪೂ ಅಲ್ಲ ಇದು. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಶೇ. 69 ಮಂದಿಗೆ, ಹರಡಿದ ಕರುಳಿನ ಕ್ಯಾನ್ಸರ್ ಇದ್ದವರಲ್ಲಿ ಶೇ. 81 ಮಂದಿಗೆ, ತಾವು ತಗೊಳ್ಳುತ್ತಿರುವ ಕಿಮೊದಿಂದ ರೋಗ ಗುಣವಾಗುವ ಸಂಭವ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅನ್ನೋದು ಗೊತ್ತೇ ಇರಲಿಲ್ಲ.

ಡಾಕ್ಟರ ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ರಿಪೋರ್ಟ್‌ಗಳು ಪೂರ್ತಿ ಬಂದಿವೆಯಾ ನೋಡಿ

ಬಯಾಪ್ಸಿಯಲ್ಲಿ "ಕ್ಯಾನ್ಸರ್" ಅಂತ ಬಂದರೆ ಸಾಲದು, ಯಾವ ಜಾತಿಯದು ಅನ್ನೋದೂ ಬರಬೇಕು. ಸ್ತನದ ಕ್ಯಾನ್ಸರ್ ಆದರೆ ಇಆರ್, ಪಿಆರ್ (ಗಡ್ಡೆ ಹಾರ್ಮೋನ್‌ಗೆ ಸ್ಪಂದಿಸುತ್ತದಾ ಅಂತ ನೋಡುವುದು), ಹರ್-2 (ಗಡ್ಡೆ ಬೆಳೆಸುವ ಒಂದು ಪ್ರೊಟೀನ್ ಜಾಸ್ತಿ ಇದೆಯಾ ಅಂತ ನೋಡುವುದು) ಅನ್ನುವ ಮೂರು ಪರೀಕ್ಷೆಗಳ ಫಲಿತಾಂಶ ಇಲ್ಲದೆ ಚಿಕಿತ್ಸೆ ತೀರ್ಮಾನಿಸಲು ಆಗುವುದಿಲ್ಲ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಆದರೆ "ಮ್ಯುಟೇಶನ್ ಟೆಸ್ಟ್ ಆಗಿದೆಯಾ?" ಅಂತ ಕೇಳಿ. ಇಜಿಎಫ್ಆರ್, ಎಎಲ್‌ಕೆ ಅನ್ನುವ ಜೀನ್‌ಗಳಲ್ಲಿ ಬದಲಾವಣೆ ಇದ್ದರೆ ಡ್ರಿಪ್ ಕಿಮೊ ಬದಲು ಮನೆಯಲ್ಲೇ ನುಂಗುವ ಮಾತ್ರೆಯಿಂದ ಶುರು ಮಾಡಬಹುದು. ಬೀಡಿ ಸಿಗರೇಟು ಮುಟ್ಟದವರಲ್ಲಿ ಈ ಬದಲಾವಣೆ ಜಾಸ್ತಿ ಕಾಣುತ್ತದೆ.

ಕಿಮೊ ಬೇಕಾಗಿಯೇ ಇಲ್ಲ ಅಂತ ತೋರಿಸುವ ಪರೀಕ್ಷೆಗಳೂ ಇವೆ. ಹಾರ್ಮೋನ್‌ಗೆ ಸ್ಪಂದಿಸುವ, ಹರ್-2 ಇಲ್ಲದ, ಕಂಕುಳ ಗ್ರಂಥಿಗೆ ಹರಡದ ಸ್ತನ ಕ್ಯಾನ್ಸರ್‌ನಲ್ಲಿ ಗಡ್ಡೆಯ 21 ಜೀನ್‌ಗಳನ್ನು ನೋಡಿ ಅಂಕ ಕೊಡುವ ಪರೀಕ್ಷೆಯೊಂದಿದೆ. ಟೇಲರ್‌ಎಕ್ಸ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. 50 ವರ್ಷ ದಾಟಿದ ಹೆಂಗಸರಲ್ಲಿ ಅಂಕ 25 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಾರ್ಮೋನ್ ಮಾತ್ರೆಯ ಜೊತೆ ಕಿಮೊ ಸೇರಿಸಿ ಹೆಚ್ಚಿನ ಲಾಭ ಏನೂ ಇಲ್ಲ ಅಂತ ಅದು ತೋರಿಸಿತು. ಪರೀಕ್ಷೆ ದುಬಾರಿ. ಆದರೂ ನಿಮ್ಮವರಿಗೆ ಹೊಂದುತ್ತದಾ ಅಂತ ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ.

ಎರಡನೇ ಅಭಿಪ್ರಾಯ ತಗೊಳ್ಳಲು ಸಂಕೋಚ ಬೇಡ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಗಡ್ಡೆಯ ಚೂರು ಇರುವ ಗಾಜು ಮತ್ತು ಮೇಣದ ತುಂಡು) ಕೇಳಿದರೆ ಆಸ್ಪತ್ರೆಯವರು ಕೊಡುತ್ತಾರೆ. ಎಷ್ಟು ದಿನ ತಡವಾದರೆ ತೊಂದರೆ ಇಲ್ಲ ಅಂತಲೂ ಕೇಳಿಕೊಳ್ಳಿ. ಹೆಚ್ಚಿನ ಗಡ್ಡೆ ಕ್ಯಾನ್ಸರ್‌ಗಳಲ್ಲಿ ಒಂದು ವಾರ ಯೋಚಿಸಲು ಸಮಯ ಇರುತ್ತದೆ. ತೀವ್ರ ರಕ್ತದ ಕ್ಯಾನ್ಸರ್ ಆದರೆ ಆ ಸಮಯ ಇಲ್ಲ, ಕೂಡಲೇ ಶುರು ಮಾಡಬೇಕು.

ಲಾಭವನ್ನು 100 ಜನರ ಲೆಕ್ಕದಲ್ಲಿ ಕೇಳಿ

"ಕಿಮೊದಿಂದ ವಾಪಸ್ ಬರೋ ಅಪಾಯ ಶೇ. 20 ಕಡಿಮೆ ಆಗುತ್ತೆ" ಅಂತ ಕೇಳಿದರೆ ನೂರರಲ್ಲಿ 20 ಜನ ಉಳಿಯುತ್ತಾರೆ ಅಂತ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ ಅದು. ಅರ್ಥವಾಗಲಿ ಅಂತ ಒಂದು ಲೆಕ್ಕ ಹಾಕೋಣ. ಇವು ನಾನು ಹಾಕಿಕೊಂಡ ಅಂಕಿಗಳು, ಯಾವ ರೋಗದ್ದೂ ಅಲ್ಲ. ಆಪರೇಷನ್ ಆದ 100 ಜನರಲ್ಲಿ ಕಿಮೊ ಇಲ್ಲದೆಯೂ 80 ಜನರಿಗೆ ರೋಗ ವಾಪಸ್ ಬರುವುದಿಲ್ಲ, 20 ಜನರಿಗೆ ಬರುತ್ತದೆ ಅಂದುಕೊಳ್ಳಿ. ಆ 20ರಲ್ಲಿ ಶೇ. 20 ಅಂದರೆ 4. ಅಂದರೆ ನೂರೂ ಜನ ಕಿಮೊ ತಗೊಂಡರೆ 4 ಜನರಿಗೆ ಅದರಿಂದ ಉಪಯೋಗ. 16 ಜನರಿಗೆ ತಗೊಂಡರೂ ವಾಪಸ್ ಬರುತ್ತದೆ. 80 ಜನ ತಗೊಳ್ಳದಿದ್ದರೂ ಚೆನ್ನಾಗಿರುತ್ತಿದ್ದರು. ಅಡ್ಡ ಪರಿಣಾಮದ ಪಾಲು ಮಾತ್ರ ನೂರೂ ಜನರಿಗೆ.

ಹಾಗಾಗಿ ಡಾಕ್ಟರನ್ನು ಕೇಳಬೇಕಾದ್ದು ಇಷ್ಟು: "ನಮ್ಮಂಥ 100 ಜನರಲ್ಲಿ ಕಿಮೊ ಇಲ್ಲದೆ ಎಷ್ಟು ಜನ ಚೆನ್ನಾಗಿರ್ತಾರೆ, ಕಿಮೊ ತಗೊಂಡ್ರೆ ಎಷ್ಟು ಜನ?" ಕೆಲವರಿಗೆ ನೂರರಲ್ಲಿ 4 ಅಂದರೆ ಸಾಕು, ತಗೊಳ್ಳುತ್ತಾರೆ. ಚಿಕ್ಕ ಮಕ್ಕಳಿರುವ ತಾಯಿ 2 ಅಂದರೂ ತಗೊಳ್ಳಬಹುದು. 78 ವರ್ಷದವರೊಬ್ಬರು 4 ಅಂದರೂ ಬೇಡ ಅನ್ನಬಹುದು. ಇಬ್ಬರದೂ ಸರಿಯಾದ ತೀರ್ಮಾನವೇ. ದೊಡ್ಡಮ್ಮನಿಗೆ ಕಂಕುಳಲ್ಲಿ ಎರಡು ಗ್ರಂಥಿಗೆ ಹರಡಿತ್ತು, ಗಡ್ಡೆ ಚುರುಕಾಗಿ ಬೆಳೆಯುವ ಜಾತಿಯದು. ಡಾಕ್ಟರ್ ಹೇಳಿದ ಅಂಕಿ ಕೇಳಿ ಅವರೇ, "ಅಷ್ಟು ಲಾಭ ಇದ್ರೆ ಆರು ತಿಂಗಳು ತಡ್ಕೋತೀನಿ" ಅಂದರು.

ಹರಡಿದ ರೋಗದಲ್ಲಿ ಪ್ರಶ್ನೆ ಬೇರೆ. "ತಗೊಂಡ್ರೆ ಸಾಮಾನ್ಯವಾಗಿ ಎಷ್ಟು ತಿಂಗಳು, ತಗೊಳ್ದಿದ್ರೆ ಎಷ್ಟು? ಆ ಹೆಚ್ಚಿನ ದಿನಗಳು ಹೇಗಿರ್ತವೆ?" ಕೊನೆಯ ಭಾಗವನ್ನು ಬಿಡಬೇಡಿ.

ಎಷ್ಟು ಕಾಲ ಕೊಡಬೇಕು ಅನ್ನೋದೂ ಬದಲಾಗುತ್ತಾ ಬಂದಿದೆ. ಮೂರನೇ ಹಂತದ (ಹತ್ತಿರದ ಗ್ರಂಥಿಗಳಿಗೆ ಹರಡಿದ) ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ಆರು ತಿಂಗಳು ಕಿಮೊ ಕೊಡುವ ರೂಢಿ ಇತ್ತು. ಅಪಾಯ ಕಡಿಮೆ ಇರುವವರಿಗೆ ಮೂರೇ ತಿಂಗಳು ಹೆಚ್ಚುಕಡಿಮೆ ಅಷ್ಟೇ ಫಲ ಕೊಡುತ್ತದೆ ಅಂತ 2018ರಲ್ಲಿ ಗೊತ್ತಾಯಿತು. ಕೈಕಾಲು ಜೋಮು ಹಿಡಿಯುವುದು ಮಾತ್ರ ಬಹಳ ಕಡಿಮೆ. "ಇದಕ್ಕಿಂತ ಕಡಿಮೆ ಸೈಕಲ್ ಸಾಕಾಗಲ್ವಾ?" ಅನ್ನೋದು ಮೂರ್ಖ ಪ್ರಶ್ನೆ ಅಲ್ಲ.

ನಷ್ಟದ ತಟ್ಟೆಯಲ್ಲಿ ಏನೇನಿದೆ

ಬೇಗ ಬೇಗ ಎರಡಾಗುವ ಕಣಗಳನ್ನು ಕಿಮೊ ಹೊಡೆಯುತ್ತದೆ. ಕ್ಯಾನ್ಸರ್ ಕಣ ಹಾಗೆ ಬೆಳೆಯುವಂಥದ್ದು. ಕೂದಲ ಬೇರು, ಬಾಯಿ, ಕರುಳಿನ ಒಳಪದರ, ಮೂಳೆಮಜ್ಜೆಯಲ್ಲಿ ರಕ್ತ ಮಾಡುವ ಕಣಗಳೂ ಹಾಗೇ ಬೆಳೆಯುತ್ತವೆ. ಕೂದಲು ಉದುರುವುದು, ಬಾಯಿ ಹುಣ್ಣು, ಭೇದಿ, ರಕ್ತಕಣಗಳ ಕೌಂಟ್ (ಸಂಖ್ಯೆ) ಇಳಿಯುವುದು ಎಲ್ಲಾ ಇದರಿಂದಲೇ.

ಎಲ್ಲರೂ ಹೆದರುವುದು ಕೂದಲಿಗೆ ಮತ್ತು ವಾಂತಿಗೆ. ಕೂದಲು ಎಲ್ಲ ಕಿಮೊದಲ್ಲೂ ಉದುರುವುದಿಲ್ಲ. ಉದುರುವ ಔಷಧಿ ಆದರೆ ಎರಡು ಮೂರು ವಾರಕ್ಕೆ ಶುರುವಾಗುತ್ತದೆ, ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ವಾಪಸ್ ಬರುತ್ತದೆ. ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ. ಅವುಗಳಲ್ಲಿ ಓಲಾಂಜಪಿನ್ ಒಂದು. "ಇದು ಮನಸ್ಸಿನ ಕಾಯಿಲೆ ಮಾತ್ರೆ ಅಲ್ವಾ" ಅಂತ ನಮ್ಮೂರ ಮೆಡಿಕಲ್ ಶಾಪಿನ ಹುಡುಗ ಅಂದಿದ್ದಕ್ಕೆ ದೊಡ್ಡಮ್ಮ ಎರಡು ದಿನ ನುಂಗದೆ ಇಟ್ಟಿದ್ದರು. ಆ ಎರಡು ದಿನವೇ ಅವರು ಅತ್ಯಂತ ಜಾಸ್ತಿ ವಾಂತಿ ಮಾಡಿಕೊಂಡಿದ್ದು. ಆ ಮಾತ್ರೆ ವಾಂತಿಗೂ ಕೆಲಸ ಮಾಡುತ್ತದೆ, ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ.

ನಿಜಕ್ಕೂ ಹೆದರಬೇಕಾದ್ದು ಜ್ವರಕ್ಕೆ. ಕಿಮೊ ಆದ ಸುಮಾರು 7ರಿಂದ 14 ದಿನದ ಒಳಗೆ ಬಿಳಿ ರಕ್ತಕಣ ತೀರಾ ಕೆಳಗೆ ಇಳಿಯುತ್ತದೆ. ಆಗ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ, ಡೋಲೋ ನುಂಗಿ ಮಲಗುವಂತಿಲ್ಲ. ದೊಡ್ಡಮ್ಮನಿಗೆ ಎರಡನೇ ಸೈಕಲ್‌ನ ಹತ್ತನೇ ದಿನ ರಾತ್ರಿ ಹನ್ನೊಂದಕ್ಕೆ ಥರ್ಮಾಮೀಟರ್ 101 ತೋರಿಸಿತು. ಪಕ್ಕದ ಮನೆಯವರ ಕಾರಲ್ಲಿ ಹಾಸನಕ್ಕೆ ಹೋದೆವು. ಎಮರ್ಜೆನ್ಸಿ ಬಾಗಿಲಲ್ಲೇ "ಕಿಮೊ ನಡೀತಿದೆ, ಹತ್ತನೇ ದಿನ, ಜ್ವರ" ಅಂದೆ. ಆ ಒಂದು ಸಾಲು ಸಾಕಾಯಿತು, ತಕ್ಷಣ ರಕ್ತ ತೆಗೆದು ಆಂಟಿಬಯಾಟಿಕ್ ಡ್ರಿಪ್ ಹಾಕಿದರು. ಹಾಗಾಗಿ ತೂಗುವಾಗ ಇದನ್ನೂ ಇಡಿ: ನಡುರಾತ್ರಿ ಆಸ್ಪತ್ರೆ ತಲುಪಲು ನಿಮ್ಮಲ್ಲಿ ಗಾಡಿ ಇದೆಯಾ? ಮುಟ್ಟಲು ಎಷ್ಟು ಹೊತ್ತು? ಊರು ದೂರ ಇದ್ದರೆ ಆ ಒಂದು ವಾರ ಆಸ್ಪತ್ರೆ ಹತ್ತಿರದ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಕೌಂಟ್ ಇಳಿಯದ ಹಾಗೆ ಕೊಡುವ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ.

ಇನ್ನು ಉಳಿದುಕೊಳ್ಳುವ ತೊಂದರೆಗಳು. ಇವನ್ನು ಔಷಧಿಯ ಹೆಸರು ಹಿಡಿದೇ ಕೇಳಬೇಕು. ಕೆಂಪು ಡ್ರಿಪ್ ಅಂತ ಎಲ್ಲರೂ ಕರೆಯುವ ಡಾಕ್ಸೋರುಬಿಸಿನ್ ಹೃದಯದ ಬಲ ತಗ್ಗಿಸಬಹುದು. ಅದಕ್ಕೇ ಮೊದಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ, ಜೀವಮಾನದಲ್ಲಿ ಇಷ್ಟೇ ಅಂತ ಮಿತಿ ಇಟ್ಟಿರುತ್ತಾರೆ. ಅದು ಹೋದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತದೆ, ರಕ್ತ ಅಂತ ಗಾಬರಿ ಬೇಡ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ, ಕಿವಿಗೆ ತೊಂದರೆ ಕೊಡಬಹುದು. ಆಕ್ಸಾಲಿಪ್ಲಾಟಿನ್ ಕೊಟ್ಟ ಕೆಲವು ದಿನ ತಣ್ಣೀರು ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗಾಗುತ್ತದೆ.

ಪ್ಯಾಕ್ಲಿಟಾಕ್ಸೆಲ್ ಕೈಕಾಲಿನ ನರಗಳನ್ನು ಹಿಡಿಯುತ್ತದೆ. ದೊಡ್ಡಮ್ಮನಿಗೆ ಕೆಂಪು ಡ್ರಿಪ್ ನಾಲ್ಕು ಮುಗಿದ ಮೇಲೆ ಇದನ್ನು ವಾರಕ್ಕೊಂದರಂತೆ 12 ವಾರ ಅಂತ ಹೇಳಿದ್ದರು. ಏಳನೇ ವಾರದ ಹೊತ್ತಿಗೆ ಅವರು ಹೂ ಕಟ್ಟುವುದನ್ನು ಬಿಟ್ಟಿದ್ದರು. ಮಲ್ಲಿಗೆ ಮೊಗ್ಗು ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಅಂತ ಕಣ್ಣಿಟ್ಟು ನೋಡಬೇಕಿತ್ತು. ಕೇಳಿದರೆ "ಎಲ್ಲಾರ್ಗೂ ಇರುತ್ತಂತೆ ಬಿಡು" ಅಂದರು. ಡಾಕ್ಟರಿಗೆ ಹೇಳಿದ ಮೇಲೆ ಪ್ರಮಾಣ ಕಡಿಮೆ ಮಾಡಿದರು. ಹೇಳದೆ ಇದ್ದಿದ್ದರೆ ಆ ಜೋಮು ಶಾಶ್ವತವಾಗಿ ಉಳಿಯುವ ಅಪಾಯ ಇತ್ತು. ನೀವು ಟೈಲರೋ, ಮಗ್ಗದ ಕೆಲಸದವರೋ, ವೀಣೆ ಕಲಿಸುವವರೋ ಆಗಿದ್ದರೆ ಮೊದಲ ದಿನವೇ ನಿಮ್ಮ ಕಸುಬು ಏನು ಅಂತ ಡಾಕ್ಟರಿಗೆ ಹೇಳಿ. ಬೇರೆ ಔಷಧಿ ಇದ್ದರೆ ಅವರು ಯೋಚಿಸಬಹುದು.

ಮುಂದೆ ಮಕ್ಕಳು ಬೇಕು ಅನ್ನುವ ವಯಸ್ಸಿನವರಾದರೆ ಮೊದಲ ಡ್ರಿಪ್‌ಗೆ ಮುಂಚೆಯೇ ಆ ಮಾತು ಎತ್ತಿ. ವೀರ್ಯ ಅಥವಾ ಅಂಡಾಣು ತೆಗೆದಿಡಲು ಆಗುತ್ತದೆ. ಶುರುವಾದ ಮೇಲೆ ಕೇಳಿದರೆ ತಡವಾಗಿರುತ್ತದೆ. ಮದುವೆಯಾಗದ ಹುಡುಗ ಹುಡುಗಿಯರ ವಿಷಯದಲ್ಲಿ ಮನೆಯವರು ನಾಚಿಕೆಯಿಂದ ಇದನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಮೈಯಲ್ಲಿ ಎಷ್ಟು ಕಸುವಿದೆ?

ವಯಸ್ಸಿಗಿಂತ ಇದು ಮುಖ್ಯ. ಡಾಕ್ಟರುಗಳು ರೋಗಿಯ ಶಕ್ತಿಗೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಮುಂಚಿನ ಹಾಗೇ ಓಡಾಡಿಕೊಂಡಿದ್ದರೆ 0. ಎಚ್ಚರ ಇರುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಸಿಗೆ ಅಥವಾ ಕುರ್ಚಿಯಲ್ಲೇ ಇದ್ದರೆ 3. ಪೂರ್ತಿ ಹಾಸಿಗೆ ಹಿಡಿದಿದ್ದರೆ 4. 3, 4 ಇದ್ದಾಗ ಹೆಚ್ಚಿನ ಗಡ್ಡೆ ಕ್ಯಾನ್ಸರ್‌ಗಳಲ್ಲಿ ಕಿಮೊದಿಂದ ಲಾಭಕ್ಕಿಂತ ತೊಂದರೆಯೇ ಜಾಸ್ತಿ. ಲಿಂಫೋಮಾದಂಥ ಕೆಲವು ಬೇಗ ಕರಗುವ ರೋಗಗಳು ಮಾತ್ರ ಇದಕ್ಕೆ ಹೊರತು. ಡಾಕ್ಟರ ಮುಂದೆ ಹತ್ತು ನಿಮಿಷ ನೆಟ್ಟಗೆ ಕೂತು "ಚೆನ್ನಾಗಿದೀನಿ" ಅನ್ನುವವರು ನಮ್ಮ ಹಿರಿಯರು. ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ ಅಂತ ನೀವೇ ನಿಜ ಹೇಳಬೇಕು.

ಕಷಾಯ, ಲಕ್ಷ್ಮಣಫಲದ ಮಾತು ಬಂದಾಗ

ಈ ಮಾತು ಬರದ ಮನೆಯೇ ಇಲ್ಲ, ಹಾಗಾಗಿ ತಯಾರಾಗಿರಿ. ಹಣ್ಣು ತಿನ್ನುವುದರಿಂದ ತೊಂದರೆ ಇಲ್ಲದಿರಬಹುದು. ತೊಂದರೆ ಇರುವುದು ಗುಣವಾಗಬಹುದಾದ ರೋಗಕ್ಕೆ ಅದನ್ನೇ ನಂಬಿ ಕೂರುವುದರಲ್ಲಿ. ಅಮೆರಿಕದಲ್ಲಿ 2018ರಲ್ಲಿ ಬಂದ ಅಧ್ಯಯನವೊಂದು ಇನ್ನೂ ದೂರಕ್ಕೆ ಹರಡದ ಕ್ಯಾನ್ಸರ್ ಇದ್ದವರನ್ನು ನೋಡಿತು. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಔಷಧಿ ಹಿಡಿದವರು ಸಾಯುವ ಅಪಾಯ ಎರಡೂವರೆ ಪಟ್ಟು ಜಾಸ್ತಿ ಇತ್ತು, ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಮಿಕ್ಕಿ.

"ಗಿಡಮೂಲಿಕೆ ತಂಪು, ಕಿಮೊ ಕೆಮಿಕಲ್" ಅನ್ನುವವರಿಗೆ ಅಂಗಳದ ನಿತ್ಯಪುಷ್ಪ ತೋರಿಸಿ. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಬಂದಿದ್ದು ಅದೇ ಗಿಡದಿಂದ. ಆ ಎಲೆಯನ್ನೇ ಅರೆದು ಕುಡಿದರೆ ವಿಷ. ಶುದ್ಧ ಮಾಡಿ, ಅಳೆದು, ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಔಷಧಿ. ಕಷಾಯ ಕುಡಿಯುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಕೆಲವು ಬೇರುಗಳು ಕಿಮೊ ಜೊತೆ ಸೇರಿ ಲಿವರ್‌ಗೆ ಹೊಡೆತ ಕೊಡುತ್ತವೆ.

ದುಡ್ಡು, ದಾರಿ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಯಾವ ಔಷಧಿ ಪ್ಯಾಕೇಜಿನೊಳಗೆ, ಯಾವುದು ಹೊರಗೆ ಅಂತ ಶುರು ಮಾಡುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕಲಬುರಗಿಯಲ್ಲಿ ಅದರ ಶಾಖೆ ಇದೆ. 2025ರಿಂದ ಹಲವು ಜಿಲ್ಲಾಸ್ಪತ್ರೆಗಳಲ್ಲೂ ಹಗಲು ಹೊತ್ತಿನ ಕಿಮೊ ಕೇಂದ್ರ ಶುರುವಾಗಿವೆ. ಮೊದಲ ಸೈಕಲ್ ದೊಡ್ಡ ಆಸ್ಪತ್ರೆಯಲ್ಲಿ ತಗೊಂಡು ಉಳಿದಿದ್ದನ್ನು ಊರ ಹತ್ತಿರ ತಗೊಳ್ಳಬಹುದಾ ಅಂತ ಕೇಳಿ. ಚಿಕಿತ್ಸೆಗೆ ರೈಲಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯಿಂದ ಅದರ ಫಾರಂ ತುಂಬಿಸಿಕೊಳ್ಳಬೇಕು.

ತೋಟ ಮಾರುವ ಮಾತು ಬಂದರೆ ನೋಟ್‌ಬುಕ್ಕಿನ ಮೊದಲ ಪುಟ ತೆಗೆಯಿರಿ. ಗುಣ ಮಾಡುವುದಕ್ಕೋ, ಹಿಡಿದಿಡುವುದಕ್ಕೋ ಅಂತ ಇನ್ನೊಮ್ಮೆ ಓದಿ, ರೋಗಿಯ ಹತ್ತಿರವೇ ಕೇಳಿ.

ರೋಗಿಯನ್ನು ಕೂರಿಸಿಕೊಂಡು ಕೇಳಿ

ಮಾವನಿಗೆ ನಾವು "ಎದೇಲಿ ಕಫ ಗಟ್ಟಿಯಾಗಿದೆ" ಅಂತ ಹೇಳಿದ್ದೆವು. ಪ್ರೀತಿಯಿಂದಲೇ ಹೇಳಿದ್ದು. ಅದರಿಂದ ಆಗಿದ್ದೇನೆಂದರೆ, ಔಷಧಿ ಬದಲಿಸಿ ಮೂರನೇ ಸಲ ಕಿಮೊ ಬೇಕಾ ಅಂತ ಅವರನ್ನು ಕೇಳಲು ದಾರಿಯೇ ಇರಲಿಲ್ಲ. ಆಗ ಅವರು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಡಾಕ್ಟರ್ "ಕೊಡಬಹುದು, ಆದ್ರೆ ಲಾಭ ಕಡಿಮೆ" ಅಂದಿದ್ದರು. ನಾವು "ಕೊಡಬಹುದು" ಅನ್ನೋದನ್ನು ಮಾತ್ರ ಕೇಳಿಸಿಕೊಂಡೆವು. ಅವರ ಕೊನೆಯ ಮೂರು ವಾರ ವಾರ್ಡಿನಲ್ಲಿ ಕಳೆಯಿತು. "ಒಂದ್ಸಲ ತೋಟ ನೋಡ್ಕೊಂಡು ಬರಬೇಕಿತ್ತು ಕಣೇ" ಅಂತ ನನ್ನ ಹತ್ತಿರ ಎರಡು ಸಲ ಅಂದಿದ್ದರು. ನಾನು "ಸ್ವಲ್ಪ ಹುಷಾರಾಗ್ಲಿ ಮಾವ" ಅಂದಿದ್ದೆ.

ಎಲ್ಲವನ್ನೂ ಒಂದೇ ಸಲ ಹೇಳಬೇಕಿಲ್ಲ. "ಕಾಯಿಲೆ ಬಗ್ಗೆ ನಿಮಗೆ ಎಷ್ಟು ಗೊತ್ತಿರಬೇಕು ಅನ್ಸುತ್ತೆ?" ಅಂತ ಶುರು ಮಾಡಿ. ಕೆಲವರು "ನೀನೇ ನೋಡ್ಕೋ" ಅನ್ನುತ್ತಾರೆ, ಅದೂ ಒಂದು ಉತ್ತರ. ಆಮೇಲೆ ಇನ್ನೆರಡು ಕೇಳಿ. ಮುಂದಿನ ಕೆಲವು ತಿಂಗಳಲ್ಲಿ ನಿಮಗೆ ಏನು ಆಗಲೇಬೇಕು? ಏನನ್ನು ಮಾತ್ರ ತಡೆದುಕೊಳ್ಳಲಾರಿರಿ? ಉತ್ತರ ಬರೆದುಕೊಂಡು ಡಾಕ್ಟರಿಗೆ ತೋರಿಸಿ.

ಪ್ರತಿ ಸ್ಕ್ಯಾನ್‌ಗೂ ಮತ್ತೆ ತೂಗಿ

ಒಮ್ಮೆ ಹ್ಞೂಂ ಅಂದರೆ ಕೊನೆಯವರೆಗೂ ಹ್ಞೂಂ ಅಂತಲ್ಲ. ಶುರು ಮಾಡುವಾಗಲೇ "ಎಷ್ಟು ಸೈಕಲ್ ಆದ್ಮೇಲೆ ಸ್ಕ್ಯಾನ್? ಏನು ಕಂಡ್ರೆ ಮುಂದುವರಿಸ್ತೀರಿ, ಏನು ಕಂಡ್ರೆ ನಿಲ್ಲಿಸ್ತೀರಿ?" ಅಂತ ಕೇಳಿಟ್ಟುಕೊಳ್ಳಿ. ಗುಣ ಮಾಡುವ ಕಿಮೊ ಆದರೆ ಸುಸ್ತಾಯಿತು ಅಂತ ಮಧ್ಯದಲ್ಲಿ ನಿಮ್ಮಷ್ಟಕ್ಕೆ ಬಿಡಬೇಡಿ, ಪ್ರಮಾಣ ಇಳಿಸಬಹುದಾ, ಒಂದು ವಾರ ಮುಂದೂಡಬಹುದಾ ಅಂತ ಮಾತಾಡಿ.

ಹರಡಿದ ರೋಗದಲ್ಲಿ ನೋವು ತಗ್ಗಿಸುವ ಪ್ಯಾಲಿಯೇಟಿವ್ ವಿಭಾಗದವರನ್ನು ಕೊನೆಗೆ ಅಂತ ಇಡದೆ ಮೊದಲ ತಿಂಗಳೇ ಕಾಣಿ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಮೊದಲಿನಿಂದಲೇ ಈ ಆರೈಕೆಯೂ ಸಿಕ್ಕವರು ಸಾಮಾನ್ಯವಾಗಿ 11.6 ತಿಂಗಳು ಬದುಕಿದರು, ಬರೀ ಮಾಮೂಲಿ ಚಿಕಿತ್ಸೆ ಸಿಕ್ಕವರು 8.9 ತಿಂಗಳು. ಈ ಆರೈಕೆ ಸಿಕ್ಕವರಿಗೆ ಕೊನೆಗಾಲದಲ್ಲಿ ಕೊಟ್ಟ ಜೋರು ಚಿಕಿತ್ಸೆಯೂ ಕಡಿಮೆಯೇ.

ಕಿಮೊ ನಿಲ್ಲಿಸಿದರೆ ಚಿಕಿತ್ಸೆ ನಿಲ್ಲಿಸಿದ ಹಾಗಲ್ಲ. ನೋವಿಗೆ ಮಾರ್ಫಿನ್ ಮಾತ್ರೆ ಇದೆ, ಉಬ್ಬಸಕ್ಕೂ ಅದನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. "ಮಾರ್ಫಿನ್ ಅಂದ್ರೆ ಮುಗೀತು" ಅಂತ ಹೆದರಿ ನೋವಿನಲ್ಲಿ ಇಡಬೇಡಿ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ಹಣ ತಗೊಳ್ಳದೆ ನೋಡಿಕೊಳ್ಳುತ್ತಿದೆ, ಮನೆಗೇ ಬಂದು ನೋಡುವ ತಂಡವೂ ಅವರಲ್ಲಿದೆ. ನಿಮ್ಮ ಊರು ದೂರ ಇದ್ದರೆ, ಊರಲ್ಲೇ ಆರೈಕೆ ಮಾಡಲು ಏನೇನು ಬೇಕು ಅಂತ ಆಸ್ಪತ್ರೆಯ ಪ್ಯಾಲಿಯೇಟಿವ್ ವಿಭಾಗದಲ್ಲಿ ಬರೆಸಿಕೊಳ್ಳಿ: ಯಾವ ಮಾತ್ರೆ, ಎಷ್ಟು ಹೊತ್ತಿಗೊಂದು, ರಾತ್ರಿ ನೋವು ಜಾಸ್ತಿಯಾದರೆ ಯಾವ ನಂಬರಿಗೆ ಫೋನ್.